ಖಾಲಿ ಜಾಗ ಯಾರದು?

ತಲೆಯ ಮೇಲೆ ಸೂರಿರುವವನಿಗೆ, ಸೂರಿಲ್ಲದವನ ಎದುರು ನಿಂತು "ಇಲ್ಲಿ ಮನೆ ಕಟ್ಟಬೇಡಿ" ಎನ್ನುವ ಹಕ್ಕಿದೆಯೆ? ಬಡಾವಣೆಯ ಉದ್ಯಾನವನ್ನೋ ಆಟದ ಬಯಲನ್ನೋ ಉಳಿಸಿಕೊಳ್ಳಲು ಜನ ಒಟ್ಟಾದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ, ಏಳದಿದ್ದರೆ ಏಳಬೇಕು. ಸಹಿ ಸಂಗ್ರಹ, ಮೆರವಣಿಗೆ, ನ್ಯಾಯಾಲಯದ ಮೊರೆ ಇವುಗಳ ಗದ್ದಲದಲ್ಲಿ ಯಾರಾದರೂ ಇದನ್ನು ಕೇಳಿದರೆ ಆತ ಬಿಲ್ಡರನ ಕಡೆಯವನಿರಬೇಕೆಂದು ಅನುಮಾನಪಡುವುದು ವಾಡಿಕೆ. ಆದ್ದರಿಂದ ಉದ್ಯಾನ ಉಳಿಯಬೇಕೆನ್ನುವವರ ಸಾಲಿನಲ್ಲಿ ನಿಂತೇ ಇದನ್ನು ಕೇಳಿಕೊಳ್ಳುವುದು ಮೇಲು. ಹೊರನಾಡಿನಲ್ಲಿ ನೆಲೆಸಿದ ನಮಗಂತೂ ಇದು ಪರರ ಪ್ರಶ್ನೆಯಲ್ಲ. ನಾವು ಈ ಮಹಾನಗರಗಳಿಗೆ ಬಂದಾಗ ನಮಗಾಗಿ ಯಾರೂ ಜಾಗ ಕಾದಿರಿಸಿರಲಿಲ್ಲ. ಇಂದು ನಾವು ವಾಸಿಸುವ ಕಟ್ಟಡಗಳು ಎದ್ದ ನೆಲವೂ ಒಂದಾನೊಂದು ಕಾಲದಲ್ಲಿ ಗದ್ದೆಯೋ, ಉಪ್ಪಿನ ಆಗರವೋ, ಯಾರದೋ ಹುಡುಗರು ಆಡುತ್ತಿದ್ದ ಬಯಲೋ ಆಗಿದ್ದಿರಬೇಕು.

"ಖಾಲಿ ಜಾಗ" ಎಂಬ ಮಾತಿನಿಂದಲೇ ತೊಡಕು ಶುರುವಾಗುತ್ತದೆ. ಊರಿನಲ್ಲಿ ನಾವು ಯಾವ ನೆಲವನ್ನೂ ಖಾಲಿ ಎಂದು ಕರೆದವರಲ್ಲ. ದನ ಮೇಯುವುದು ಗೋಮಾಳ. ದಾರಿಹೋಕರಿಗೆ ನೆರಳು ಕೊಡುವುದು ಗುಂಡುತೋಪು. ವಾರಕ್ಕೊಮ್ಮೆ ಜನ ತುಂಬಿ, ಉಳಿದ ಆರು ದಿನ ನಾಯಿಗಳು ಮಲಗುವುದು ಸಂತೆಮಾಳ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಹುಡುಗರು ಚಿನ್ನಿದಾಂಡು ಆಡುವುದು ಕೆರೆಯಂಗಳ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟದಿಂದ ಅಡಕೆ ತೋಟದವನು ಸೊಪ್ಪು ತರಬಹುದು, ಆದರೆ ಬೆಟ್ಟ ಅವನದಲ್ಲ. ದಕ್ಷಿಣ ಕನ್ನಡದ ಕುಮ್ಕಿಯಲ್ಲಿಯೂ ಹಾಗೆಯೇ. ಪಕ್ಕದ ವರ್ಗದಾರನಿಗೆ ಸೊಪ್ಪು ಸೌದೆಗಳ ಮೇಲೆ ಹಕ್ಕು, ನೆಲ ಮಾತ್ರ ಸರ್ಕಾರದ್ದು. ನೆಲದ ಒಡೆತನ ಬೇರೆ, ನೆಲದ ಉಪಯೋಗ ಬೇರೆ ಎಂಬುದನ್ನು ಓದು ಬರಹ ಬಾರದ ನಮ್ಮ ಅಜ್ಜಂದಿರೂ ಬಲ್ಲವರಾಗಿದ್ದರು. ಪಟ್ಟಣಕ್ಕೆ ಬಂದು ನೆಲವನ್ನು ಚದರಡಿಯಲ್ಲಿ ಎಣಿಸಲು ಕಲಿತ ಮೇಲೆಯೇ ನಮಗೆ ಗೋಡೆಯಿಲ್ಲದ ಜಾಗವೆಲ್ಲ ಖಾಲಿಯಾಗಿ ಕಾಣತೊಡಗಿದ್ದು.

ಯಾವುದಾದರೂ ಉಪನಗರದ ಉದ್ಯಾನದಲ್ಲಿ ಒಂದು ದಿನ ಪೂರ್ತಿ ಕುಳಿತು ನೋಡಬೇಕು. ಬೆಳಗಿನ ಐದೂವರೆಗೆ ಸಕ್ಕರೆ ಕಾಯಿಲೆಯವರು ಸುತ್ತು ಹಾಕಲು ಬರುತ್ತಾರೆ. ಏಳಕ್ಕೆ ನಗೆಕೂಟದವರು ಬಂದು ಕಾರಣವಿಲ್ಲದೆ ನಗುತ್ತಾರೆ. (ಕಾರಣವಿಲ್ಲದೆ ನಕ್ಕರೆ ಮನೆಯಲ್ಲಿ ವೈದ್ಯರನ್ನು ಕರೆಸಿಯಾರು.) ಹತ್ತರ ಸುಮಾರಿಗೆ, ಮಗ ಸೊಸೆ ಕೆಲಸಕ್ಕೆ ಹೊರಟ ಮನೆಗಳ ಹಿರಿಯರು ಒಂದೇ ಪತ್ರಿಕೆಯನ್ನು ನಾಲ್ವರು ಹಂಚಿಕೊಂಡು ಓದುತ್ತಾರೆ. ಮಧ್ಯಾಹ್ನ ಬಾಗಿಲು ತೆರೆದಿದ್ದರೆ, ಎರಡು ಮನೆಗಳ ಪಾತ್ರೆ ಮುಗಿಸಿ ಮೂರನೆಯ ಮನೆಗೆ ಇನ್ನೂ ಹೊತ್ತಾಗದ ಹೆಂಗಸು ಚಪ್ಪಲಿ ಬಿಚ್ಚಿ ಕಾಲು ಚಾಚುತ್ತಾಳೆ. ಸಂಜೆಗೆ ಚೆಂಡು, ಬ್ಯಾಟು, ಕೂಗಾಟ. ಕತ್ತಲಾದ ಮೇಲೆ, ಹತ್ತಡಿ ಖೋಲಿಯಲ್ಲಿ ಆರು ಜನರ ನಡುವೆ ಓದಲಾರದ ಹುಡುಗ ದೀಪದ ಕಂಬದ ಕೆಳಗೆ ಪರೀಕ್ಷೆಗೆ ಕೂರುತ್ತಾನೆ. ಇವರಲ್ಲಿ ಯಾರ ಬಳಿಯೂ ರಸೀದಿಯಿಲ್ಲ. ಆ ಜಾಗದಲ್ಲಿ ಎದ್ದು ನಿಲ್ಲಬಹುದಾದ ಮನೆಗಳನ್ನು ಎಣಿಸಿ ಕಾಗದದ ಮೇಲೆ ತೋರಿಸಬಹುದು. ಒಬ್ಬಾಕೆ ಅರ್ಧ ಗಂಟೆ ಕಾಲು ಚಾಚಿದ್ದನ್ನು ಯಾವ ಅಂಕಣದಲ್ಲಿ ಬರೆಯುವುದು? ಲೆಕ್ಕಕ್ಕೆ ಸಿಗುವುದು ಲೆಕ್ಕಕ್ಕೆ ಸಿಗದುದನ್ನು ಯಾವಾಗಲೂ ಗೆಲ್ಲುತ್ತದೆ.

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಬರುವ ಶಾಪದ ಭಾಗ ನೆನಪಿರಬಹುದು. ಕೆರೆಗೋ ದೇಗುಲಕ್ಕೋ ಬಿಟ್ಟ ನೆಲವನ್ನು, ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಕಸಿದುಕೊಂಡವನಿಗೆ ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಿಕ್ಷೆಯನ್ನು ಅಲ್ಲಿ ವಿಧಿಸಿರುತ್ತಾರೆ. ಶಾಪಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅದರ ಜೊತೆಗೇ ಬರುವ ಇನ್ನೊಂದು ವಿಚಾರ: ತಾನೇ ದಾನ ಕೊಡುವುದಕ್ಕಿಂತ ಹಿಂದಿನವರು ಕೊಟ್ಟದ್ದನ್ನು ಕಾಯುವುದು ಹೆಚ್ಚಿನದು ಎಂಬುದು. ಹೊಸ ಉದ್ಯಾನದ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತಾರೆ. ಇರುವುದನ್ನು ಇದ್ದ ಹಾಗೆಯೇ ಉಳಿಸಿದವರಿಗೆ ಕಲ್ಲೂ ಇಲ್ಲ, ಹಾರವೂ ಇಲ್ಲ.

ಅಂಥವರು ಗೆದ್ದ ಒಂದು ಪ್ರಕರಣ ಬೆಂಗಳೂರಿನದೇ ಇದೆ. ಸದಾಶಿವನಗರವೆಂದು ನಾವು ಕರೆಯುವ ರಾಜಮಹಲ್ ವಿಲಾಸ್ ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಒಂದು ನಿವೇಶನವಿತ್ತು. 1976ರಲ್ಲಿ ಸರ್ಕಾರದ ಆದೇಶದ ಮೇಲೆ ಅದನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಕೊಡಲಾಯಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಅಲ್ಲಿ ಮೊದಲು ಸೋಲು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು. ಟ್ರಸ್ಟಿನವರು ಸುಪ್ರೀಂ ಕೋರ್ಟಿಗೆ ಹೋದಾಗ, 1991ರ ಜುಲೈನಲ್ಲಿ ನ್ಯಾಯಮೂರ್ತಿ ಟಿ. ಕೆ. ತೊಮ್ಮೆನ್ ಮತ್ತು ನ್ಯಾಯಮೂರ್ತಿ ಆರ್. ಎಂ. ಸಹಾಯ್ ಅವರ ಪೀಠ ನಿವಾಸಿಗಳ ಗೆಲುವನ್ನು ಎತ್ತಿ ಹಿಡಿಯಿತು. ಸಾರ್ವಜನಿಕ ಉದ್ಯಾನಗಳ ಬಗ್ಗೆ ಈ ದೇಶದಲ್ಲಿ ಯಾರು ವಾದಿಸಿದರೂ ಇಂದಿಗೂ ಆ ತೀರ್ಪನ್ನು ಹಿಡಿದುಕೊಂಡೇ ವಾದಿಸುತ್ತಾರೆ.

ಗಮನಿಸಬೇಕಾದದ್ದು, ಅಲ್ಲಿ ಎದುರಿಗಿದ್ದದ್ದು ಐಷಾರಾಮದ ಬಂಗಲೆಯಲ್ಲ, ಆಸ್ಪತ್ರೆ. ರೋಗಿಯ ಮಂಚ ಮುಖ್ಯವೋ ವಾಯುವಿಹಾರಿಯ ಬೆಂಚು ಮುಖ್ಯವೋ ಎಂದು ಕೇಳಿದರೆ ಯಾರು ತಾನೆ ಬೆಂಚು ಎಂದಾರು? ಆದರೆ ನ್ಯಾಯಾಲಯ ಈ ತಕ್ಕಡಿಯನ್ನೇ ಒಪ್ಪಲಿಲ್ಲ. ಆಸ್ಪತ್ರೆ ಬೇಕೆಂದರೆ ಅದಕ್ಕೆ ಬೇರೆ ಜಾಗ ಹುಡುಕಬಹುದು. ಬಡಾವಣೆ ಪೂರ್ತಿ ಕಟ್ಟಿಯಾದ ಮೇಲೆ ಉದ್ಯಾನಕ್ಕೆ ಬೇರೆ ಜಾಗ ಎಲ್ಲಿಂದ ತರುವುದು? ಹಣ ಕೊಟ್ಟವರಿಗಷ್ಟೇ ಬಾಗಿಲು ತೆರೆಯುವ ಖಾಸಗಿ ಆಸ್ಪತ್ರೆಯನ್ನೂ ಯಾರಿಗೂ ಬಾಗಿಲು ಮುಚ್ಚದ ಉದ್ಯಾನವನ್ನೂ ಒಂದೇ ಬಗೆಯ ಸೌಕರ್ಯವೆನ್ನಲಾಗದು. ಹಿಂದೆ ಹೂದೋಟದ ಗಾಳಿ ಅರಸರ, ಸಿರಿವಂತರ ಸೊತ್ತಾಗಿತ್ತು. ಸಾಮಾನ್ಯ ಮನುಷ್ಯನಿಗೂ ಬೆಲೆಯುಂಟೆಂಬ ಭಾವನೆ ಬೆಳೆದಂತೆ ಸಾರ್ವಜನಿಕ ಉದ್ಯಾನ ಹುಟ್ಟಿತು, ಅದು ಜನ ತಮಗೆ ತಾವೇ ಕೊಟ್ಟುಕೊಂಡ ಕಾಣಿಕೆ ಎಂಬುದು ನ್ಯಾಯಮೂರ್ತಿ ಸಹಾಯ್ ಅವರ ಅಭಿಪ್ರಾಯದ ಸಾರ. ಪಕ್ಕದ ಮನೆಯವರಿಗೆ ಇದರಲ್ಲಿ ಏನು ಕೆಲಸ ಎಂಬ ವಾದವೂ ನಿಲ್ಲಲಿಲ್ಲ. ಬಡಾವಣೆಯಲ್ಲಿ ವಾಸಿಸುವವನು ಅದರ ಉದ್ಯಾನದ ವಿಷಯದಲ್ಲಿ ಹೊರಗಿನವನಲ್ಲ ಎಂದಾಯಿತು.

ಇಷ್ಟು ಓದಿ ಸಂತೋಷಪಡುವ ಹೊತ್ತಿಗೆ ಮನಸ್ಸಿನ ಇನ್ನೊಂದು ಮೂಲೆಯಿಂದ ಆಕ್ಷೇಪ ಕೇಳಿಬರುತ್ತದೆ. ಸದಾಶಿವನಗರ ಬಡವರ ಕೇರಿಯಲ್ಲ. ವಕೀಲರನ್ನಿಟ್ಟು ವರ್ಷಗಟ್ಟಲೆ ಹೋರಾಡಲು ಬಲ್ಲವರಿಗೆ ಉದ್ಯಾನ ಉಳಿಯುತ್ತದೆ. ಉಳಿದವರ ಬಯಲು ಸದ್ದಿಲ್ಲದೆ ಹೋಗುತ್ತದೆ. ಅದಕ್ಕಿಂತ ಕಟುವಾದ ಮಾತೊಂದಿದೆ. 2011ರ ಜನಗಣತಿಯ ಪ್ರಕಾರ ಮುಂಬಯಿಯಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಝೋಪಡಪಟ್ಟಿಯಲ್ಲಿದ್ದರು. ಹೀಗಿರುವಾಗ ಮೂರು ಕೋಣೆಗಳ ಮನೆಯವನು ತನ್ನ ಕಿಟಕಿಯ ಮುಂದಿನ ಹಸಿರು ಉಳಿಯಲಿ ಎನ್ನುವುದು, ಅದಕ್ಕೆ ಪರಿಸರ, ಹಕ್ಕಿ, ಮುಂದಿನ ಪೀಳಿಗೆ ಎಂದು ದೊಡ್ಡ ಹೆಸರುಗಳನ್ನಿಡುವುದು, ಸ್ವಾರ್ಥವಲ್ಲವೆ? ಉದ್ಯಾನದೆದುರಿನ ಮನೆಗೆ ಬೆಲೆ ಹೆಚ್ಚು ಎಂಬುದು ದಲ್ಲಾಳಿಯಿಂದ ಹಿಡಿದು ಎಲ್ಲರಿಗೂ ಗೊತ್ತು. ಈ ಆಕ್ಷೇಪವನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಚಳವಳಿಗಾರರ ಮನಸ್ಸಿನಲ್ಲಿ ಎರಡೂ ಬೆರೆತಿರುತ್ತವೆ. ಬೆರೆತಿರುವುದು ಅಪರಾಧವಲ್ಲ. ಎಷ್ಟು ಬೆರೆತಿದೆ ಎಂದು ಅಳೆಯುವುದು ಹೇಗೆ ಎಂಬುದೇ ತೊಡಕು.

ಹಾಗೆ ಅಳೆಯಲು ಒಂದು ದಾರಿ ದೂರದ ಆಸ್ಟ್ರೇಲಿಯದಲ್ಲಿ ನಡೆದ ಪ್ರಸಂಗದಿಂದ ಸಿಗುತ್ತದೆ. ಸಿಡ್ನಿಯ ಹಂಟರ್ಸ್ ಹಿಲ್ ಅನುಕೂಲಸ್ಥರ ಬಡಾವಣೆ. ಅಲ್ಲಿ ನದಿಯ ದಡದಲ್ಲಿ ಕೆಲೀಸ್ ಬುಷ್ ಎಂಬ, ಹತ್ತಾರು ಎಕರೆಯ ಸಣ್ಣ ಕುರುಚಲು ಕಾಡು ಉಳಿದಿತ್ತು. ಒಂದು ದೊಡ್ಡ ಕಟ್ಟಡ ಕಂಪನಿ ಅಲ್ಲಿ ಮನೆಗಳನ್ನು ಕಟ್ಟಲು ಹೊರಟಿತು. ಹದಿಮೂರು ಮಂದಿ ಗೃಹಿಣಿಯರು ಸೇರಿ ವಿರೋಧಿಸಿದರು. ಅರ್ಜಿ ಬರೆದರು, ಪುರಸಭೆಗೆ ಅಲೆದರು, ಶಾಸಕರನ್ನು ಕಂಡರು. ಏನೂ ನಡೆಯಲಿಲ್ಲ. ಕಡೆಗೆ 1971ರಲ್ಲಿ, ತಮ್ಮ ಜೀವನದಲ್ಲಿ ಎಂದೂ ಮಾತನಾಡಿಸಿರದ ಜನರ ಬಳಿಗೆ ಹೋದರು: ಕಟ್ಟಡ ಕಾರ್ಮಿಕರ ಸಂಘದ ಬಳಿಗೆ. ಅದರ ಕಾರ್ಯದರ್ಶಿ ಜ್ಯಾಕ್ ಮಂಡೆ ಕಮ್ಯುನಿಸ್ಟ್. ಶ್ರೀಮಂತ ಕೇರಿಯ ಹೆಂಗಸರ ವಾಯುವಿಹಾರಕ್ಕಾಗಿ ಕೂಲಿಯವನು ಕೂಲಿ ಬಿಡಬೇಕೆ ಎಂಬ ಪ್ರಶ್ನೆ ಸಂಘದೊಳಗೇ ಎದ್ದಿರಬೇಕಲ್ಲವೆ? ಸಂಘ ಅವರಿಗೆ ಒಂದು ಷರತ್ತು ಹಾಕಿತು. ಇದು ನಿಮ್ಮ ಹದಿಮೂರು ಜನರ ಆಸೆಯಲ್ಲ, ಊರಿನ ಆಸೆ ಎಂದು ತೋರಿಸಿ. ಬಹಿರಂಗ ಸಭೆ ಕರೆಯಿರಿ. ಸಭೆಗೆ ಸುಮಾರು 600 ಜನ ಬಂದರು. ಕಾರ್ಮಿಕರು ಅಲ್ಲಿ ಕೆಲಸ ಮಾಡುವುದಿಲ್ಲ ಎಂದು ಘೋಷಿಸಿದರು. ಸಂಘಕ್ಕೆ ಸೇರದ ಆಳುಗಳನ್ನು ತರುತ್ತೇವೆ ಎಂದು ಕಂಪನಿ ಹೇಳಿದಾಗ, ಅದೇ ಕಂಪನಿಯ ಬೇರೊಂದು ಕಟ್ಟಡದಲ್ಲಿ ದುಡಿಯುತ್ತಿದ್ದ ಕೆಲಸಗಾರರು, ಆ ಕಾಡಿನ ಒಂದು ಮರವನ್ನು ಮುಟ್ಟಿದರೂ ಈ ಅರೆಕಟ್ಟಿದ ಕಟ್ಟಡ ಎಂದೆಂದಿಗೂ ಹೀಗೆಯೇ ಸ್ಮಾರಕವಾಗಿ ನಿಲ್ಲುತ್ತದೆ ಎಂದು ತಿಳಿಸಿದರು. ಕಾಡು ಉಳಿಯಿತು. 1983ರಲ್ಲಿ ಸರ್ಕಾರ ಅದನ್ನು ಕೊಂಡು ಸಾರ್ವಜನಿಕರಿಗೆ ಬಿಡುವುದಾಗಿ ಘೋಷಿಸಿತು.

ಕಟ್ಟುವುದೇ ಹೊಟ್ಟೆಪಾಡಾದವರು "ಇದನ್ನು ಕಟ್ಟುವುದಿಲ್ಲ" ಎಂದದ್ದು ಲೋಕಕ್ಕೆ ಹೊಸದಾಗಿತ್ತು. 'ಗ್ರೀನ್ ಬ್ಯಾನ್' ಎಂಬ ಹೆಸರೇ ಆಮೇಲೆ ಬಂದದ್ದು. ಅದೇ ಸಂಘ ಮುಂದೆ ಸಿಡ್ನಿಯ ಬಂದರಿನ ಹತ್ತಿರದ 'ದಿ ರಾಕ್ಸ್' ಎಂಬ ಹಳೆಯ ಕೇರಿಯಲ್ಲಿ, ಕಡಿಮೆ ಬಾಡಿಗೆಯ ಬಡ ಬಿಡಾರಗಳನ್ನು ಕೆಡವಿ ಗೋಪುರಗಳನ್ನು ಕಟ್ಟುವುದನ್ನೂ ತಡೆಯಿತು. ಒಂದೆಡೆ ಮನೆ ಕಟ್ಟಲು ಒಲ್ಲೆನೆಂದವರು, ಇನ್ನೊಂದೆಡೆ ಮನೆ ಕೆಡವಲು ಒಲ್ಲೆನೆಂದರು. ಇವೆರಡರಲ್ಲಿ ಅವರಿಗೆ ವಿರೋಧ ಕಾಣಲಿಲ್ಲ. ಇದಕ್ಕೆ ಅವರು ಬೆಲೆಯನ್ನೂ ತೆತ್ತರು. 1975ರ ಹೊತ್ತಿಗೆ ಕೇಂದ್ರ ಸಂಘದ ನಾಯಕತ್ವ ಆ ಶಾಖೆಯನ್ನು ತನ್ನ ವಶಕ್ಕೆ ತೆಗೆದುಕೊಂಡು ಮಂಡೆ ಮತ್ತು ಜೊತೆಗಾರರನ್ನು ಹೊರಹಾಕಿತು.

ಕೆಲಸಗಾರರು ಹಾಕಿದ ಆ ಷರತ್ತು ನನ್ನ ಮನಸ್ಸಿನಲ್ಲಿ ಉಳಿದಿದೆ. ಅವರು ಕೇಳಿದ್ದು ಉದ್ಯಾನ ಸುಂದರವೇ ಎಂದಲ್ಲ, ನಿಮ್ಮ ಜೊತೆ ಯಾರಿದ್ದಾರೆ ಎಂದು. ನಮ್ಮ ಕಡೆಯ ಹೋರಾಟಗಳಲ್ಲಿ ಈ ಪ್ರಶ್ನೆ ಕೇಳಿದರೆ ಹಲವು ಸಲ ಮುಜುಗರವಾದೀತು. ಸಭೆಯಲ್ಲಿ ಯಾರ ಮನೆಯ ಬಾಲ್ಕನಿ ಉದ್ಯಾನದ ಕಡೆಗಿದೆಯೋ ಅವರೇ ಇರುತ್ತಾರೆ. ಅವರ ಮನೆಯ ಅಡುಗೆಯವಳಾಗಲಿ, ಕಾರಿನ ಚಾಲಕನಾಗಲಿ ಇರುವುದಿಲ್ಲ. ಮಾತು ಬೆಳೆಯುತ್ತ "ಮೈದಾನ ಉಳಿಸಿ" ಎಂಬುದು ಯಾವ ಮಾಯದಲ್ಲೋ "ಈ ನಗರ ತುಂಬಿಹೋಗಿದೆ, ಇನ್ನು ಯಾರೂ ಬರಬಾರದು" ಎಂದಾಗುತ್ತದೆ.

ನಗರ ತುಂಬಿಹೋಗಿದೆ ಎಂಬ ಮಾತನ್ನು ನಾವು ಮೊದಲ ಸಲ ಕೇಳುತ್ತಿಲ್ಲ. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗಿನ ಅರ್ಥವೂ ಅದೇ ಆಗಿತ್ತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ಕಾಲದಲ್ಲಿ ಗಲ್ಲೆಯ ಹಿಂದೆ ಕುಳಿತಿದ್ದವರು, ಬೇಗ ಬಾಗಿಲೆಳೆದು ಮನೆ ಸೇರಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಆಗ ತುಂಬಿಹೋಗಿದ್ದ ನಗರದಲ್ಲಿ ಆಮೇಲೆ ನಾವೂ ನಮ್ಮ ಮಕ್ಕಳೂ ಹೇಗೋ ಹಿಡಿಸಿದೆವು. ಹೀಗಿದ್ದು ಈಗ ನಾವು ಇನ್ನೊಬ್ಬ ಬಿಹಾರದವನನ್ನೋ, ನಮ್ಮದೇ ಯಾದಗಿರಿಯಿಂದ ಕಟ್ಟಡದ ಕೂಲಿಗೆಂದು ಬಂದ ಸಂಸಾರವನ್ನೋ ನೋಡಿ ಅದೇ ಮಾತಾಡಿದರೆ ಅದು ಬಾಯಿಗೆ ಒಪ್ಪುವುದಿಲ್ಲ. ಇಲ್ಲಿ ಕಟ್ಟಬೇಡಿ ಎನ್ನುವುದು ಒಂದು ಮಾತು, ಇಲ್ಲಿಗೆ ಬರಬೇಡಿ ಎನ್ನುವುದು ಇನ್ನೊಂದು. ಎರಡನೆಯದನ್ನು ನುಂಗಿಕೊಂಡವನಿಗೆ ಮಾತ್ರ ಮೊದಲನೆಯದನ್ನು ಹೇಳುವ ಅಧಿಕಾರ ಉಂಟೆಂದು ನಾನು ತಿಳಿದಿದ್ದೇನೆ. ಬಂದವರು ಎಲ್ಲಿಯಾದರೂ ಇರಲೇಬೇಕಷ್ಟೆ. ಬಯಲು ಬೇಕೆನ್ನುವವನು ಅವರ ಸೂರಿನ ಬಗ್ಗೆಯೂ ಬಾಯಿ ತೆರೆಯಬೇಕು.

ಅದು ಸಾಧ್ಯವೆ? ಇರುವ ಜಾಗ ಇಷ್ಟೇ. ಮನೆಯಾದರೆ ಉದ್ಯಾನವಿಲ್ಲ, ಉದ್ಯಾನವಾದರೆ ಮನೆಯಿಲ್ಲ ಎಂದು ನಮಗೆ ಲೆಕ್ಕ ತೋರಿಸುತ್ತಾರೆ. ಮುಂಬಯಿಯ ಗಿರಣಿಗಳ ನೆಲದ ಕಥೆ ತಿಳಿದವರು ಈ ಲೆಕ್ಕವನ್ನು ಅಷ್ಟು ಸುಲಭವಾಗಿ ನಂಬಲಾರರು. 1982ರ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದ ಬಟ್ಟೆ ಗಿರಣಿಗಳು ನಗರದ ನಡುಮಧ್ಯದಲ್ಲಿ ಸುಮಾರು 600 ಎಕರೆ ನೆಲವನ್ನು ಹಿಡಿದಿದ್ದವು. 1991ರ ಅಭಿವೃದ್ಧಿ ನಿಯಮಗಳ 58ನೆಯ ನಿಯಮದಂತೆ ಅಂಥ ನೆಲ ಹೆಚ್ಚು ಕಡಿಮೆ ಮೂರು ಪಾಲಾಗಬೇಕಿತ್ತು: ಒಂದು ಪಾಲು ಸಾರ್ವಜನಿಕ ಬಯಲಿಗೆ, ಒಂದು ಪಾಲು ಸರ್ಕಾರದ ವಸತಿ ಮಂಡಳಿಗೆ, ಒಂದು ಪಾಲು ಮಾಲಿಕರಿಗೆ. ಬಯಲೂ ಮನೆಯೂ ಒಟ್ಟಿಗೆ ದೊರೆಯುವ ಏರ್ಪಾಡು ಅದು. 2001ರಲ್ಲಿ ನಿಯಮವನ್ನು ತಿದ್ದಿದರು. ಗಿರಣಿಯ ಇಡೀ ನೆಲವನ್ನಲ್ಲ, ಕಟ್ಟಡವಿಲ್ಲದ ನೆಲವನ್ನಷ್ಟೇ ಹಂಚಿದರೆ ಸಾಕು ಎಂದಾಯಿತು. ಗಿರಣಿಯೆಂದರೆ ಬಹುಪಾಲು ಕಟ್ಟಡವೇ ಅಲ್ಲವೆ? ಹಂಚಲು ಉಳಿದದ್ದು ಒಂದು ಸಣ್ಣ ತುಣುಕು. ಪರಿಸರವಾದಿಗಳ ಅರ್ಜಿಯ ಮೇಲೆ ಬೊಂಬಾಯಿ ಹೈಕೋರ್ಟು 2005ರಲ್ಲಿ ಇದನ್ನು ತಡೆಯಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿ ಹಿಡಿಯಿತು. ಉದ್ಯಾನದ ಪಾಲು ಕುಗ್ಗಿದ್ದರಿಂದ ಬಡವರ ಮನೆಯ ಪಾಲು ಹಿಗ್ಗಲಿಲ್ಲ. ಎರಡೂ ಒಂದೇ ಏಟಿಗೆ ಕುಗ್ಗಿದವು. ಪರೇಲ, ಲಾಲಬಾಗಗಳ ಕಡೆ ಈಗ ಎದ್ದು ನಿಂತ ಗೋಪುರಗಳಲ್ಲಿ ಹಳೆಯ ಗಿರಣಿ ಕೆಲಸಗಾರನಿಗೆ ಕೊಳ್ಳಲು ಎಟುಕುವ ಖೋಲಿ ಎಷ್ಟಿದ್ದೀತು? ಆದ್ದರಿಂದ "ವಸತಿ" ಎಂಬ ಮಾತು ಕೇಳಿದೊಡನೆ, ಯಾರ ವಸತಿ ಎಂದು ಮರುಪ್ರಶ್ನೆ ಹಾಕುವುದು ಕಠಿಣ ಹೃದಯದ ಲಕ್ಷಣವಲ್ಲ.

ಆದರೂ ಪ್ರಶ್ನೆ ಇಷ್ಟಕ್ಕೇ ತೀರುವುದಿಲ್ಲ. ನಕಾಶೆಯಲ್ಲಿ ಉದ್ಯಾನವೆಂದು ಹಸಿರು ಬಣ್ಣ ಬಳಿದ ಎಷ್ಟೋ ಕಡೆ ದಶಕಗಳಿಂದ ಜನ ಝೋಪಡಿ ಕಟ್ಟಿಕೊಂಡು ಬದುಕುತ್ತಿದ್ದಾರೆ. ಅವರನ್ನು ಅದೇ ಜಾಗದಲ್ಲಿ ಬಹುಮಹಡಿ ಕಟ್ಟಡಗಳಿಗೆ ಸೇರಿಸಿ, ನೂರಕ್ಕೆ 33ರಷ್ಟು ನೆಲವನ್ನು ಮಾತ್ರ ಬಯಲಾಗಿ ಬಿಡುವ ನಿಯಮವನ್ನು 1992ರಲ್ಲಿ ತಂದರು. ನಾಗರಿಕರ ಒಂದು ಸಂಸ್ಥೆ 2002ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ನಡುವೆ ಹೊಸ ನಿಯಮಾವಳಿ ಬಂದು 33 ಇದ್ದದ್ದು 35 ಆಯಿತು. 2025ರ ಜೂನ್ ತಿಂಗಳಲ್ಲಿ ಬೊಂಬಾಯಿ ಹೈಕೋರ್ಟು, ಅಂದರೆ ಇಪ್ಪತ್ತಮೂರು ವರ್ಷಗಳ ತರುವಾಯ, ನಿಯಮ ಸರಿಯೆಂದು ತೀರ್ಪು ಕೊಟ್ಟಿತು. ಬಿಟ್ಟ ಬಯಲು ನಿಜವಾಗಿಯೂ ಸಾರ್ವಜನಿಕರ ಬಳಕೆಗೆ ಸಿಗುವಂತೆ ನೋಡಿಕೊಳ್ಳಲು ನಿರ್ದೇಶನಗಳನ್ನೂ ಕೊಟ್ಟಿತು.

ಈ ತೀರ್ಪು ಬಂದಾಗ ಉದ್ಯಾನಪ್ರಿಯರಿಗೆ ಬೇಸರವಾದದ್ದು ಸಹಜ. ನನಗೆ ಇಲ್ಲಿ ಒಂದೇ ಕಡೆಗೆ ನಿಲ್ಲಲಾಗುವುದಿಲ್ಲ. ಮೂವತ್ತು ವರ್ಷ ಒಂದೆಡೆ ಬಾಳಿದವನನ್ನು ಎಬ್ಬಿಸಿ, ಕೆಲಸಕ್ಕೂ ಮಕ್ಕಳ ಶಾಲೆಗೂ ದೂರವಾದ ಎಲ್ಲಿಗೋ ಒಯ್ದು ಬಿಟ್ಟು, ಅಲ್ಲಿ ಹೂಗಿಡ ನೆಡುವುದನ್ನು ನ್ಯಾಯವೆನ್ನಲು ನಾಲಗೆ ಏಳುವುದಿಲ್ಲ. ಹಾಗೆಂದು, ಇಷ್ಟಗಲದ ನೆಲದಲ್ಲಿ ಅವನಿಗೊಂದು ಗೋಪುರ, ಅದರ ಖರ್ಚು ತೂಗಿಸಲು ಮಾರಾಟಕ್ಕೆಂದು ಮತ್ತೊಂದು ಗೋಪುರ ಎಬ್ಬಿಸಿದ ಮೇಲೆ ಉಳಿಯುವ ಮೂರನೇ ಒಂದು ಪಾಲಿನಲ್ಲಿ ಅವನ ಮಗು ಎಲ್ಲಿ ಓಡಬೇಕು? ಉದ್ಯಾನದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಆ ಮಗುವಿಗೆ. ಅದರ ಮನೆಯಲ್ಲಿ ಬಾಲ್ಕನಿಯಿಲ್ಲ, ರಜೆಗೆ ಹೋಗಲು ಊರಿನ ತೋಟವಿಲ್ಲ, ಕ್ಲಬ್ಬಿನ ಸದಸ್ಯತ್ವವಿಲ್ಲ. ಸೂರು ಬೇಕಾದರೆ ಬಯಲು ಬಿಡು ಎಂದು ನಾವು ಸಿರಿವಂತನಿಗೆ ಎಂದೂ ಹೇಳುವುದಿಲ್ಲ. ಅವನಿಗೆ ಎರಡೂ ಇರುತ್ತವೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆ ಎಂಬ ವ್ಯಾಪಾರವನ್ನು ಬಡವನ ಮುಂದಷ್ಟೇ ಇಡುತ್ತೇವೆ. ಆ ವ್ಯಾಪಾರಕ್ಕೆ ನ್ಯಾಯಾಲಯದ ಮುದ್ರೆ ಬಿದ್ದಿರಬಹುದು, ಅದು ನನ್ನ ಮನಸ್ಸಿಗೆ ಒಪ್ಪಿಗೆಯಾಗಿಲ್ಲ. ಒಪ್ಪಿಗೆಯಾಗುವ ಬೇರೆ ಏರ್ಪಾಡೂ ಸುಲಭದ್ದಲ್ಲ: ಸರ್ಕಾರದ ಕೈಯಲ್ಲಿರುವ ನೆಲ, ಮುಚ್ಚಿದ ಕಾರ್ಖಾನೆಗಳ ನೆಲ, ಬಂದರಿನ ನೆಲ ಇವುಗಳನ್ನು ಮಾರದೆ ಅವನ ಮನೆಗೆಂದು ಹತ್ತಿರದಲ್ಲೇ ಎತ್ತಿಡಬೇಕು. ಗಿರಣಿಗಳ ವಿಷಯದಲ್ಲಿ ಅದನ್ನು ಕೈಯಾರೆ ಕಳೆದುಕೊಂಡಿದ್ದೇವೆ.

ನಮ್ಮ ಓದುಗರಲ್ಲಿ ಹಲವರ ಬಡಾವಣೆಗಳಲ್ಲಿ ಇಂದಲ್ಲ ನಾಳೆ ಒಂದು ಸಹಿಯ ಹಾಳೆ ಬಾಗಿಲಿಗೆ ಬಂದೀತು. ಸಹಿ ಹಾಕಬೇಕೆಂದೇ ನನ್ನ ಅಭಿಪ್ರಾಯ. ಆದರೆ ಹಾಕುವ ಮುನ್ನ ಉದ್ಯಾನದ ಬಾಗಿಲ ಬಳಿಯ ಫಲಕವನ್ನೊಮ್ಮೆ ಓದಿಕೊಂಡು ಬರುವುದು ಒಳ್ಳೆಯದು. ಚೆಂಡಾಟ ಆಡಬಾರದು, ಹುಲ್ಲಿನ ಮೇಲೆ ಕೂರಬಾರದು, ತಿಂಡಿ ತಿನ್ನಬಾರದು, ಮಲಗಬಾರದು ಎಂದಿರುತ್ತದೆ. ಉಸಿರಾಟಕ್ಕೆ ಇನ್ನೂ ನಿಷೇಧ ಬಂದಿಲ್ಲ. ಎಷ್ಟೋ ಉದ್ಯಾನಗಳ ಬಾಗಿಲು ಮಧ್ಯಾಹ್ನ ಮುಚ್ಚಿರುತ್ತದೆ. ಮನೆಗೆಲಸದವರಿಗೆ, ಚಾಲಕರಿಗೆ, ಸಾಮಾನು ಹೊತ್ತು ತರುವ ಹುಡುಗರಿಗೆ ಒಂದಿಷ್ಟು ಬಿಡುವು ಸಿಗುವುದು ಅದೇ ಹೊತ್ತಿನಲ್ಲಿ. ಕಟ್ಟಡ ಬೇಡವೆಂಬ ಸಾಲಿನ ಕೆಳಗೆ, ಬಾಗಿಲು ಮಧ್ಯಾಹ್ನವೂ ತೆರೆದಿರಲಿ, ಒಂದು ಕುಡಿಯುವ ನೀರಿನ ನಲ್ಲಿ ಇರಲಿ, ಹೆಂಗಸರಿಗೊಂದು ಶೌಚಾಲಯ ಇರಲಿ ಎಂದು ಇನ್ನೆರಡು ಸಾಲು ಸೇರಿಸಿಸಬೇಕು. ಹಾಳೆ ನಮ್ಮ ಕಟ್ಟಡದ ಐದು ಮಹಡಿಗಳನ್ನು ಹತ್ತಿಳಿದರೆ ಸಾಲದು. ಕೆಳಗೆ ಕುಳಿತ ಕಾವಲುಗಾರನ ಬಳಿಗೂ, ರಸ್ತೆಯಾಚೆಯ ಝೋಪಡಪಟ್ಟಿಗೂ ಹೋಗಿಬರಬೇಕು. ಅಲ್ಲಿ ಯಾರಾದರೂ ಸಹಿ ಹಾಕಲು ಒಲ್ಲೆನೆಂದರೆ, ಏಕೆಂದು ಕೇಳಿ, ಅವರು ಹೇಳಿದ್ದನ್ನು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡು ಬರಬೇಕು.